ಹದಿನೆಂಟು ಗಜ

ಮಾರಿಕುಪ್ಪಂ ಮೈದಾನದಲ್ಲಿ ಹುಲ್ಲಿಲ್ಲ.
ಇರೋದು ಗರಸು, ಅದರ ಮೇಲೆ
ಗಾಳಿ ಎದ್ದಾಗಲೆಲ್ಲ ಸೈನೈಡ್ ದಿಬ್ಬದಿಂದ
ಹಾರಿ ಬಂದು ಕೂರುವ ಬಿಳಿ ಹಿಟ್ಟು.
ಅಲ್ಲಿ ಸುಣ್ಣದ ಗೆರೆ ಎಳೆಯೋನು ನಾನು,
ಹತ್ತೊಂಬತ್ತು ವರ್ಷದಿಂದ.
ಬಿಳಿಯ ಮೇಲೆ ಬಿಳಿ ಬರೆಯೋ ಕಷ್ಟ
ಬರೆದವನಿಗೇ ಗೊತ್ತು.

ಭಾನುವಾರ ಕಪ್ ಹೋಯಿತು.
ಬಂಗಾರಪೇಟೆ ರೈಲ್ವೆ ಹುಡುಗರು
ಸಂಜೆ ಗಾಡಿಯ ಕಿಟಕಿಯಿಂದ ಆಚೆ ಹಿಡಿದು
ಊರ್ಗಾಂ, ಕೋರಮಂಡಲ, ಎಲ್ಲ ಕಡೆ ತೋರಿಸಿಕೊಂಡು ಹೋದರು.
ಚಾಂಪಿಯನ್ ಅನ್ನೋ ಸ್ಟೇಷನ್ನಿನಲ್ಲಂತೂ
ಬೋರ್ಡಿಗೇ ಮುತ್ತು ಕೊಟ್ಟರಂತೆ.

ಎಪ್ಪತ್ತೊಂದನೇ ನಿಮಿಷದವರೆಗೆ ನಾವು ಒಂದು, ಅವರು ಸೊನ್ನೆ.
ಎಡಗಡೆ ಇನ್ಬರಾಜ, ಹದಿನೇಳರ ಪೋರ,
ಬೀದಿನಾಯಿ ಅಟ್ಟಿಸಿಕೊಂಡು ಬಂದ ಹಾಗೆ ಓಡೋನು,
ರೈಲ್ವೆಯವರ ಬ್ಯಾಕನ್ನು ಬುಗುರಿ ಮಾಡಿದ್ದ.
ಆಗ ಎದ್ದ ಕೋಚ್ ಗುಣಶೀಲನ್.
ಇನ್ಬರಾಜ ಆಚೆಗೆ.
ಒಳಗೆ ಇನ್ನೊಬ್ಬ ಡಿಫೆಂಡರ್. ಆರನೆಯವನು.

"ಬೀಗದ ಮೇಲೆ ಬೀಗ ಜಡಿಯೋನು,
ಕೀಲಿ ಕಳೆಯೋನೂ ಇವನೇ,"
ಸುಂಡಲ್ ಬುಟ್ಟಿ ಇಳಿಸಿ ಫಿಲೋಮಿನಾ ಮಣ್ಣು ತೂರಿದಳು.
ಎಂಬತ್ಮೂರಕ್ಕೆ ಸಮ.
ಎಂಬತ್ತೊಂಬತ್ತಕ್ಕೆ ಆ ಆರನೆಯವನೇ
ಗೆರೆಯ ಮೇಲೆ ಕಾಲು ಅಡ್ಡ ಕೊಟ್ಟ.
ಗೆರೆ ಅಂದರೆ ಒಳಗೆ.
ರೆಫರಿ ಬಗ್ಗಿ ಸುಣ್ಣ ನೋಡಿದ.
ಬೊಟ್ಟು ಮಾಡಿ ತೋರಿಸಿದ.

ಆಮೇಲೆ ಮೂರು ಭಾಷೆಯ ಬೈಗುಳ ಮುಗಿದವು.
ತಮಿಳಲ್ಲಿ ಅವನ ತಲೆಗೆ, ತೆಲುಗಲ್ಲಿ ವಂಶಕ್ಕೆ,
ಕನ್ನಡದಲ್ಲಿ, ನಾನೇ, ಅವನು ತಿಂದ ಅನ್ನಕ್ಕೆ.
ಪಾಪ, ಅವನಪ್ಪ ಗಣಿಯಲ್ಲಿ ವೈಂಡಿಂಗ್ ಡ್ರೈವರ್.
ಮುಕ್ಕಾಲು ಮೈಲಿ ಆಳದಿಂದ ಪಂಜರದ ತುಂಬ ಜನ,
ಒಬ್ಬನ ಬೀಡಿಯೂ ಕೆಳಗೆ ಬೀಳದ ಹಾಗೆ
ಮೇಲಕ್ಕೆ ತಂದ ಕೈ ಅದು.
"ಮಗನಿಗೆ ಇಳಿಸೋದು ಮಾತ್ರ ಬರುತ್ತೆ,"
ಅಂದ ನಿವೃತ್ತ ಟಿಂಬರ್‌ಮನ್ ಎಳುಮಲೈ.
ಎಲ್ಲರೂ ನಕ್ಕರು. ನಾನು ಸ್ವಲ್ಪ ಜಾಸ್ತಿಯೇ ನಕ್ಕೆ.

ಸೋಮವಾರ ಬಾಬಾಜಾನ್ ಟೀ ಅಂಗಡಿಯಲ್ಲಿ
ಅವನು ಕೂತ ಬೆಂಚು ಖಾಲಿಯಾಯಿತು.
ಮಂಗಳವಾರ ಅವನ ಗೇಟಿಗೆ
ಯಾರೋ ಹರಿದ ಬೂಟು ಕಟ್ಟಿದರು.

ಬುಧವಾರ ಬೆಳಕು ಹರಿಯೋ ಮುಂಚೆ
ನೀರು ಚಿಮುಕಿಸಲು ಹೋದೆ.
ಮೈದಾನದಲ್ಲಿ ಅವನು ಮಂಡಿಯೂರಿದ್ದ,
ದರ್ಜಿ ಟೇಪಲ್ಲ, ಕಂಟ್ರಾಕ್ಟರ್ ಉಕ್ಕಿನ ಟೇಪು.
ಗೋಲ್ ಕಂಬದಿಂದ ಎಳೆದ, ಕಲ್ಲಿಟ್ಟ, ಎಳೆದ.
ಹದಿನೆಂಟು ಗಜ ಅಂದರೆ ಐವತ್ತನಾಲ್ಕು ಅಡಿ.
ಟೇಪು ಐವತ್ತೈದೂಕಾಲು ಅಂತಿತ್ತು.

ಹಳೇ ಹುರಿ ಶುಕ್ರವಾರ ಕಿತ್ತಿತ್ತು.
ಮನೆಯಲ್ಲಿ ಬಟ್ಟೆ ಒಣಗಿಸೋ ನೈಲಾನ್ ಹಗ್ಗ ತಂದಿದ್ದೆ.
ನೈಲಾನ್, ಎಳೆದಷ್ಟೂ ಹಿಗ್ಗುತ್ತೆ.
ಎಳೆಯುವಾಗಲೇ ಅನ್ನಿಸಿತ್ತು.
ಬಿಸಿಲಿತ್ತು. ಬಿಟ್ಟೆ.

ಅವನು ನನ್ನ ಕಡೆ ತಿರುಗಿ
ಟೇಪನ್ನು ಬಿಟ್ಟ. ಅದು ಸರ್ರನೆ
ಡಬ್ಬಿಯೊಳಗೆ ಓಡಿ ಬಾಯಿ ಮುಚ್ಚಿತು.
ಅವನದೂ.

ಗುರುವಾರ ಯೂನಿಯನ್ನಿನ ಹಳೇ ಕೋಣೆಯಲ್ಲಿ ಮೀಟಿಂಗ್.
ಗುಣಶೀಲನ್ ಬೇಡ ಅನ್ನೋರು ಕೈ ಎತ್ತಿ.
ಹೇಳಲು ಏನಾದರೂ ಉಂಟಾ ಅಂತ ಕೇಳಿದರು ಅವನನ್ನ.
ಇಲ್ಲ ಅಂದ.
ಬೇಡ ಅಂತ ಎದ್ದ ಕೈಗಳಲ್ಲಿ ಎಲ್ಲಕ್ಕಿಂತ ಮೊದಲು
ಮೇಲೆ ಹೋಗಿದ್ದು ನನ್ನದು,
ಸುಣ್ಣ ತಿಂದು ಬಿರಿದ ಬೆರಳು.
ಅವನು ಲೆಕ್ಕ ಮಾಡಿದ್ದು ಅದೊಂದನ್ನೇ ಅಂತ ಕಾಣುತ್ತೆ.

ಈಗ ಹೊಸ ಹುರಿ ತಂದಿದ್ದೀನಿ, ಸೆಣಬಿನದು.
ಎರಡು ಸಲ ಅಳೆದು ಎಳೀತೀನಿ.
ಅದು ಬೇರೆ ಮಾತು.
ಆದರೂ ಹೇಳ್ತೀನಿ, ಯಾರ ಮುಂದೆ ಬೇಕಾದರೂ:
ಇನ್ಬರಾಜನ್ನ ತೆಗೀಬಾರ್ದಿತ್ತು.